ಸೈನಿಕನಾದ ತಂದೆಯೂ ಶಿಶುಪೋಷಣದ ಋಣವೂ

ಮನುಷ್ಯನು ಹೊರುವ ಋಣಗಳಲ್ಲಿ ಕೆಲವು ಅವನು ಆಡಿದ ಮಾತಿನಿಂದ ಉಂಟಾಗುವುವು. ಕೆಲವು ಅವನು ಮಾಡಿದ ಕಾರ್ಯದಿಂದ ಉಂಟಾಗುವುವು. ಸಾಲಪತ್ರಕ್ಕೆ ರುಜು ಹಾಕಿದವನು ತನ್ನ ಮಾತಿಗೆ ಕಟ್ಟುಬಿದ್ದವನು. ನೆರೆಯವನ ಹೊಲಕ್ಕೆ ದನ ಬಿಟ್ಟವನು ಯಾವ ಪತ್ರವನ್ನೂ ಬರೆದುಕೊಟ್ಟಿಲ್ಲ; ಆದರೂ ನಷ್ಟವನ್ನು ತುಂಬಿಕೊಡಬೇಕಾದವನು ಅವನೇ. ಶಿಶುವನ್ನು ಪೋಷಿಸಬೇಕೆಂಬ ಋಣವು ಈ ಎರಡು ಬಗೆಗಳಲ್ಲಿ ಯಾವುದಕ್ಕೆ ಸೇರಿದುದು? ವಿವಾಹಿತರ ಮನೆಯಲ್ಲಿ ಈ ಪ್ರಶ್ನೆಯು ಏಳುವುದೇ ಇಲ್ಲ. ಅಲ್ಲಿ ಮಾತೂ ಕಾರ್ಯವೂ ಒಂದೇ ಕಡೆ ಇರುವುದರಿಂದ ಯಾವುದರ ಬಲದಿಂದ ಮಗುವಿಗೆ ಅನ್ನ ಬರುತ್ತಿದೆಯೆಂದು ಯಾರೂ ವಿಚಾರಿಸುವುದಿಲ್ಲ. ವಿವಾಹವಿಲ್ಲದೆ ಶಿಶುವು ಹುಟ್ಟಿದಾಗ ಮಾತ್ರ ಎರಡೂ ಬೇರ್ಪಟ್ಟು ಕಣ್ಣಿಗೆ ಬೀಳುತ್ತವೆ. ತಂದೆಯಾದವನು ಸೈನಿಕನೂ ಆಗಿದ್ದರಂತೂ ತೊಡಕು ಇಮ್ಮಡಿಯಾಗುವುದು. ಅವನ ದೇಹವೂ ಕಾಲವೂ ರಾಜ್ಯಕ್ಕೆ ಅಧೀನವಾದುವು. ಈ ತಿಂಗಳು ಒಂದು ಊರು, ಬರುವ ತಿಂಗಳು ಸಮುದ್ರದಾಚೆ. ಅವನನ್ನು ಹುಡುಕುವವರು ಯಾರು, ಅವನಿಂದ ಕೊಡಿಸುವವರು ಯಾರು, ಎಷ್ಟು ಕೊಡಿಸಬೇಕು? ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆಗಳಿಗೆ ಕಾಲಕ್ರಮದಲ್ಲಿ ಕಟ್ಟಲ್ಪಟ್ಟ ಉತ್ತರಗಳು ಧರ್ಮವಿಚಾರದಲ್ಲಿ ಆಸಕ್ತರಾದ ಯಾರಿಗಾದರೂ ಪರಿಶೀಲನಯೋಗ್ಯವಾಗಿವೆ.

ಈ ಪ್ರಶ್ನೆಯು ಹೊಸದೇನೂ ಅಲ್ಲ. ಮಹಾಭಾರತದ ಆದಿಪರ್ವದಲ್ಲಿ ಶಕುಂತಲೆಯು ಮಗನ ಕೈಹಿಡಿದು ದುಷ್ಯಂತನ ಸಭೆಗೆ ಬಂದಾಗ ನಡೆದುದು ಇದೇ ವ್ಯವಹಾರವು. ಅವರದು ಗಾಂಧರ್ವವಿವಾಹವೆಂದು ಶಾಸ್ತ್ರವು ಒಪ್ಪಬಹುದು. ಆದರೆ ಅದಕ್ಕೆ ಅಗ್ನಿಸಾಕ್ಷಿಯೂ ಇಲ್ಲ, ಬಂಧುಸಾಕ್ಷಿಯೂ ಇಲ್ಲ. ಕಾಳಿದಾಸನು ಶಾಪವನ್ನೂ ಉಂಗುರವನ್ನೂ ತಂದು ರಾಜನನ್ನು ನಿರ್ದೋಷಿಯನ್ನಾಗಿ ಮಾಡಿದನು. ಮೂಲಕಥೆಯ ದುಷ್ಯಂತನಾದರೋ ಮರೆತವನಲ್ಲ. ಎಲ್ಲವನ್ನೂ ಬಲ್ಲವನಾಗಿಯೇ, ಲೋಕವು ಸಂಶಯಪಟ್ಟೀತೆಂಬ ಕಾರಣದಿಂದ, ಈಕೆಯನ್ನು ಕಂಡೇ ಇಲ್ಲವೆಂದು ನುಡಿದವನು. ಅಶರೀರವಾಣಿಯು ನುಡಿದ ಮೇಲೆಯೇ ಅವನು ಮಗನನ್ನು ಅಪ್ಪಿಕೊಂಡದ್ದು. ಸಂಸ್ಕೃತಪಾಠಶಾಲೆಗಳಲ್ಲಿ ನಾಟಕವನ್ನು ಓದಿ ಮೂಲವನ್ನು ಬಿಡುವ ರೂಢಿಯುಂಟು. ಅದರಿಂದ ಈ ಕಠಿನವಾದ ಭಾಗವು ಬಹುಮಂದಿಗೆ ತಪ್ಪಿಹೋಗಿದೆ. ಶಸ್ತ್ರಧಾರಿಯಾದ ಪುರುಷನು ಒಂದೆಡೆ ತಂಗಿ ಹೊರಟುಹೋಗುವುದು, ಹೆಂಗಸು ಅಲ್ಲಿಯೇ ಉಳಿಯುವುದು, ಪಿತೃತ್ವಕ್ಕೆ ಹೊರಗಿನಿಂದ ಒಂದು ಪ್ರಮಾಣವು ಬೇಕಾಗುವುದು, ಈ ಮೂರೂ ಅಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಶಾಸ್ತ್ರಕಾರರು ಏನು ಹೇಳಿದರು? ಕಲ್ಯಾಣದಲ್ಲಿ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ದಾಸೀಪುತ್ರನ ವಿಷಯವನ್ನು ಚರ್ಚಿಸಿರುವನು. ಶೂದ್ರನಿಗೆ ಹುಟ್ಟಿದ ದಾಸೀಪುತ್ರನಿಗೆ ಅಂಶವುಂಟು. ದ್ವಿಜನಿಗೆ ಹುಟ್ಟಿದವನಿಗೆ ಅಂಶವಿಲ್ಲ, ಅನುಕೂಲನಾಗಿ ನಡೆದುಕೊಂಡರೆ ಜೀವನಮಾತ್ರವುಂಟು, ಎಂದು ಅವನ ನಿರ್ಣಯವು. ಕರ್ಣಾಟಕದ ನೆಲದಲ್ಲಿ ಬರೆಯಲ್ಪಟ್ಟ ಆ ಗ್ರಂಥವು ದೇಶದ ಬಹುಭಾಗದ ವ್ಯವಹಾರವನ್ನು ಎಷ್ಟೋ ಶತಮಾನಗಳ ಕಾಲ ಆಳಿತು. ವಿವಾಹವಿಲ್ಲದೆ ಹುಟ್ಟಿದವನಿಗೂ ಅನ್ನದ ಹಕ್ಕುಂಟೆಂದು ಒಪ್ಪಿದುದು ಅದರ ಹಿರಿಮೆಯು. ಆದರೆ ಆ ಅನ್ನವನ್ನು ಮಗನ ವಿಧೇಯತೆಗೆ ಗಂಟುಹಾಕಿದುದನ್ನು ಇಂದು ಯಾರೂ ಸಮರ್ಥಿಸಲಾರರು. ಅನುಕೂಲನಾಗಿ ನಡೆಯಬೇಕಾದವನು ತಂದೆಯಲ್ಲವೆ? ತೊಟ್ಟಿಲಲ್ಲಿರುವ ಕೂಸು ಯಾರಿಗೆ ಪ್ರತಿಕೂಲವಾಗಿ ನಡೆದೀತು?

ಇನ್ನು ಅಮೆರಿಕಾದ ವಿಷಯಕ್ಕೆ ಬರಬಹುದು. ಅಲ್ಲಿಯ ಕಾಯಿದೆಯ ಮೊದಲ ಹೆಜ್ಜೆಯು ಯುದ್ಧಕಾಲದಲ್ಲಿಯೇ ಬಿದ್ದುದು ಗಮನಾರ್ಹವು. 1917ರಲ್ಲಿ ಆ ದೇಶವು ಮೊದಲನೆಯ ಮಹಾಯುದ್ಧವನ್ನು ಹೊಕ್ಕಾಗ ಸಾಮಾನ್ಯ ಸಿಪಾಯಿಯ ಸಂಬಳವು ತಿಂಗಳಿಗೆ 30 ಡಾಲರು. ಅದೇ ವರ್ಷದ ಯುದ್ಧವಿಮಾ ಕಾಯಿದೆಯು ಅವನ ಸಂಬಳದಿಂದ ತಿಂಗಳಿಗೆ ಕಡಮೆಯೆಂದರೆ 15 ಡಾಲರನ್ನು ಹೆಂಡತಿಮಕ್ಕಳಿಗಾಗಿ ಕಡ್ಡಾಯವಾಗಿ ತೆಗೆದಿರಿಸಿ, ಅದಕ್ಕೆ ಸರಕಾರದ ಪಾಲನ್ನೂ ಸೇರಿಸಿ ಮನೆಗೆ ಕಳುಹಿಸುವ ಏರ್ಪಾಡನ್ನು ಮಾಡಿತು. ಆ ಕಾಯಿದೆಯಲ್ಲಿ ‘ಮಗು’ ಎಂಬ ಮಾತಿಗೆ ಕೊಟ್ಟ ಅರ್ಥದೊಳಗೆ ವಿವಾಹಬಾಹ್ಯವಾದ ಶಿಶುವೂ ಸೇರಿತ್ತು. ಆದರೆ ತಂದೆಯ ಮಟ್ಟಿಗೆ ಒಂದು ನಿಬಂಧನೆಯುಂಟು: ಅವನು ಸ್ವಹಸ್ತದಿಂದ ರುಜು ಮಾಡಿ ಆ ಮಗುವನ್ನು ತನ್ನದೆಂದು ಒಪ್ಪಿರಬೇಕು, ಅಥವಾ ನ್ಯಾಯಸ್ಥಾನವು ಪೋಷಣೆಗೆ ಹಣ ಕೊಡುವಂತೆ ಅವನಿಗೆ ಆಜ್ಞಾಪಿಸಿರಬೇಕು. ಇಂಗ್ಲೆಂಡಿನಲ್ಲಿಯೂ 1914ರಲ್ಲಿ ಯುದ್ಧವು ಆರಂಭವಾದ ಮೇಲೆ, ಮದುವೆಯಿಲ್ಲದೆ ಸಿಪಾಯಿಯೊಡನೆ ಸಂಸಾರ ಮಾಡುತ್ತಿದ್ದ ಹೆಂಗಸಿಗೂ ಅವಳ ಮಕ್ಕಳಿಗೂ ವಿಯೋಗಭತ್ಯವನ್ನು ಕೊಡುವುದಾಯಿತು. ಇದರ ಮೇಲೆ ಆ ದೇಶದ ನೀತಿಪಂಡಿತರು ಬಹಳ ಗದ್ದಲ ಮಾಡಿದರು. ಸರಕಾರಕ್ಕಾದರೋ ಸಿಪಾಯಿಯು ಬೇಕಾಗಿದ್ದನು. ಅವನ ಮನಸ್ಸು ಕಂದಕದಲ್ಲಿ ನಿಲ್ಲಬೇಕಾದರೆ ಅವನ ಮನೆಯ ಒಲೆಯು ಉರಿಯಬೇಕಾಗಿದ್ದಿತು. ಧರ್ಮಬುದ್ಧಿಯು ತೆರೆಯದ ಬಾಗಿಲನ್ನು ಕೆಲವು ವೇಳೆ ಪ್ರಯೋಜನಬುದ್ಧಿಯು ತೆರೆಯುವುದುಂಟು.

ಯುದ್ಧದ ಭತ್ಯವು ಒಪ್ಪಿಕೊಂಡಷ್ಟನ್ನು ಸಂಸ್ಥಾನಗಳ ಸಾಮಾನ್ಯ ಕಾಯಿದೆಯು ಒಪ್ಪುವುದಕ್ಕೆ ಇನ್ನೂ ಅರ್ಧಶತಮಾನವೇ ಹಿಡಿಯಿತು. ಟೆಕ್ಸಾಸಿನಲ್ಲಿ ವಿವಾಹಜಾತ ಶಿಶುವಿಗೆ ತಂದೆಯಿಂದ ಪೋಷಣೆಯನ್ನು ಪಡೆಯುವ ಹಕ್ಕಿದ್ದು, ವಿವಾಹಬಾಹ್ಯ ಶಿಶುವಿಗೆ ಆ ಹಕ್ಕೇ ಇರಲಿಲ್ಲ. 1973ರಲ್ಲಿ ಗೋಮೆಜ್ ಎಂಬ ಹೆಸರಿನ ವ್ಯಾಜ್ಯದಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಸ್ಥಾನವು, ತಾಯಿತಂದೆಗಳು ಮದುವೆಯಾಗಲಿಲ್ಲವೆಂಬ ಕಾರಣದಿಂದ ಮಗುವಿಗೆ ಈ ಹಕ್ಕನ್ನು ನಿರಾಕರಿಸುವುದು ಸಂವಿಧಾನವಿರುದ್ಧವೆಂದು ತೀರ್ಪು ಕೊಟ್ಟಿತು. 1988ರಲ್ಲಿ ಪೆನ್ಸಿಲ್ವೇನಿಯದ ಕ್ಲಾರ್ಕ್ ವ್ಯಾಜ್ಯದಲ್ಲಿ, ಶಿಶುವು ಹುಟ್ಟಿದ ಆರು ವರ್ಷಗಳೊಳಗಾಗಿ ಪಿತೃತ್ವವನ್ನು ಸ್ಥಾಪಿಸದಿದ್ದರೆ ಹಕ್ಕು ಹೋಯಿತೆಂಬ ನಿಯಮವನ್ನೂ ಅದೇ ನ್ಯಾಯಸ್ಥಾನವು ತೊಡೆದುಹಾಕಿತು. ಇವೆರಡರಿಂದ ಮೊದಲನೆಯ ಪ್ರಶ್ನೆಗೆ ಉತ್ತರವು ಬಂದಂತಾಯಿತು. ಋಣವು ಮಾತಿನಿಂದಲ್ಲ, ಜನ್ಮದಿಂದ. ವಿವಾಹವು ದಂಪತಿಗಳು ಒಬ್ಬರಿಗೊಬ್ಬರು ಕೊಟ್ಟ ಮಾತು. ಆ ಮಾತಿನಲ್ಲಿ ಶಿಶುವು ಪಕ್ಷಗಾರನಲ್ಲ. ತಾನು ಪಕ್ಷಗಾರನಲ್ಲದ ಕರಾರು ನಡೆಯಲಿಲ್ಲವೆಂದು ಅದಕ್ಕೆ ದಂಡ ಹಾಕುವುದು ಯಾವ ನ್ಯಾಯ?

ಆದರೆ ಜನ್ಮದಿಂದ ಋಣವೆಂದೊಡನೆ ಜನ್ಮವನ್ನು ಸ್ಥಾಪಿಸುವ ಭಾರವು ಬರುವುದು. ವಿವಾಹಿತೆಯ ಮಗುವಿಗೆ ಅವಳ ಗಂಡನೇ ತಂದೆಯೆಂದು ಕಾಯಿದೆಯು ಭಾವಿಸಿಕೊಳ್ಳುತ್ತದೆ. ಅವಿವಾಹಿತರ ವಿಷಯದಲ್ಲಿ ಎರಡು ಮಾರ್ಗಗಳಿವೆ. ಒಂದು, ತಾಯಿತಂದೆಗಳಿಬ್ಬರೂ ಸ್ವಸಂತೋಷದಿಂದ ಒಪ್ಪಿಗೆಪತ್ರಕ್ಕೆ ರುಜು ಹಾಕುವುದು. 1996ರ ಕಾಯಿದೆಯ ಮೇರೆಗೆ ಈ ಪತ್ರವು ಪ್ರಸವವಾದ ಆಸ್ಪತ್ರೆಯಲ್ಲಿಯೇ ದೊರೆಯುತ್ತದೆ. ರುಜು ಹಾಕಿದವನು 60 ದಿನಗಳೊಳಗೆ ಹಿಂತೆಗೆದುಕೊಳ್ಳಬಹುದು, ಆಮೇಲೆ ವಂಚನೆ, ಬಲಾತ್ಕಾರ, ವಾಸ್ತವಾಂಶದ ತಪ್ಪು ಇವುಗಳನ್ನು ಸ್ಥಾಪಿಸಿದ ಹೊರತು ಅದು ಕದಲುವುದಿಲ್ಲ. ಇನ್ನೊಂದು, ನ್ಯಾಯಸ್ಥಾನದ ಆಜ್ಞೆ. ಅದಕ್ಕೆ ಆಧಾರವು ರಕ್ತಸಂಬಂಧದ ಪರೀಕ್ಷೆ. ದುಷ್ಯಂತನ ಸಭೆಯಲ್ಲಿ ಅಶರೀರವಾಣಿಯು ಮಾಡಿದ ಕೆಲಸವನ್ನು ಈಗ ಕೆನ್ನೆಯ ಒಳಗಡೆ ಆಡಿಸಿದ ಒಂದು ಹತ್ತಿಯ ಕಡ್ಡಿಯು ಮಾಡುತ್ತದೆ. ಈ ಸಂಬಂಧವು ಸ್ಥಾಪಿತವಾದರೆ ಸೈನಿಕನ ಮಗುವಿಗೆ ಮಾಸಿಕ ಹಣ ಮಾತ್ರವಲ್ಲ, ಸೈನ್ಯದ ಕುಟುಂಬಗಳಿಗೆ ಇರುವ ವೈದ್ಯಸಹಾಯವೂ ದೊರೆಯುತ್ತದೆ. ಸೈನ್ಯದ ಕುಟುಂಬಪಟ್ಟಿಯಲ್ಲಿ ಅದರ ಹೆಸರು ಏರುತ್ತದೆ. ಸ್ಥಾಪಿತವಾಗದಿದ್ದರೆ ಸೈನ್ಯದ ಕಣ್ಣಿಗೆ ಆ ಮಗುವೇ ಇಲ್ಲ.

ಎಷ್ಟು ಕೊಡಬೇಕೆಂಬುದು ಎರಡನೆಯ ಪ್ರಶ್ನೆ. ವಿಚಾರಕ್ಕೆ ಹೆಚ್ಚು ಸ್ಥಳವಿರುವುದು ಇಲ್ಲಿಯೇ. ಇದನ್ನು ಗೊತ್ತುಮಾಡುವುದು ಸೈನ್ಯವಲ್ಲ, ಸಂಸ್ಥಾನದ ನ್ಯಾಯಸ್ಥಾನ. ಹಿಂದೆ ಪ್ರತಿಯೊಬ್ಬ ನ್ಯಾಯಾಧೀಶನೂ ತನಗೆ ತೋರಿದಷ್ಟನ್ನು ಬರೆಯುತ್ತಿದ್ದನು. ಒಂದೇ ಊರಿನಲ್ಲಿ ಒಂದೇ ಸಂಬಳದವರಿಗೆ ಬೇರೆಬೇರೆ ಮೊತ್ತವಾಗುತ್ತಿದ್ದಿತು. 1988ರ ಕುಟುಂಬಪೋಷಣ ಕಾಯಿದೆಯು ಪ್ರತಿ ಸಂಸ್ಥಾನವೂ ಒಂದು ಸೂತ್ರವನ್ನು ಇಟ್ಟುಕೊಳ್ಳಬೇಕೆಂದೂ, ಆ ಸೂತ್ರದಿಂದ ಬಂದ ಮೊತ್ತವೇ ಸರಿಯಾದುದೆಂದು ಮೊದಲು ಭಾವಿಸಬೇಕೆಂದೂ, ಅದನ್ನು ಬಿಟ್ಟು ನಡೆಯುವ ನ್ಯಾಯಾಧೀಶನು ಕಾರಣವನ್ನು ಬರೆಯಬೇಕೆಂದೂ ವಿಧಿಸಿತು. ಸೂತ್ರಗಳು ಮಾತ್ರ ಒಂದೇ ಆಗಿಲ್ಲ. ಟೆಕ್ಸಾಸಿನಲ್ಲಿ ಕೊಡಬೇಕಾದವನ ತೆರಿಗೆ ಕಳೆದ ಆದಾಯದಲ್ಲಿ ಒಂದು ಮಗುವಿಗೆ ನೂರಕ್ಕೆ 20, ಎರಡು ಮಕ್ಕಳಿಗೆ 25. ವಿಸ್ಕಾನ್ಸಿನ್ನಿನಲ್ಲಿ ಒಟ್ಟು ಆದಾಯದ ಮೇಲೆ ಒಂದು ಮಗುವಿಗೆ ನೂರಕ್ಕೆ 17, ಎರಡಕ್ಕೆ 25. ಬಹುಪಾಲು ಸಂಸ್ಥಾನಗಳು ತಾಯಿತಂದೆಗಳಿಬ್ಬರ ಆದಾಯವನ್ನೂ ಕೂಡಿಸಿ, ಅಷ್ಟು ಆದಾಯದ ಒಂದು ಮನೆಯಲ್ಲಿ ಮಗುವಿನ ಮೇಲೆ ಎಷ್ಟು ಖರ್ಚಾಗುವುದೋ ಅದನ್ನು ಪಟ್ಟಿಯಿಂದ ತಿಳಿದು, ಅವರವರ ಗಳಿಕೆಗೆ ತಕ್ಕಂತೆ ಹಂಚುತ್ತವೆ. ಡೆಲವೇರಿನಲ್ಲಿ ಮೆಲ್ಸನ್ ಎಂಬ ನ್ಯಾಯಾಧೀಶನ ಹೆಸರಿನ ಸೂತ್ರವುಂಟು. ಅದರಲ್ಲಿ ಮೊದಲು ತಾಯಿತಂದೆಗಳ ಸ್ವಂತ ಜೀವನಕ್ಕೆ ಬೇಕಾದಷ್ಟನ್ನು ಬಿಟ್ಟು, ಅನಂತರ ಮಗುವಿನ ಮುಖ್ಯ ಅವಶ್ಯಕತೆಗಳನ್ನು ಪೂರೈಸಿ, ಇನ್ನೂ ಉಳಿದುದರಲ್ಲಿ ಮಗುವಿಗೆ ಒಂದು ಪಾಲನ್ನು ಕೊಡುವರು.

ಸೈನಿಕನ ಆದಾಯವೆಂದರೆ ಯಾವುದು? ಅವನಿಗೆ ಮೂಲಸಂಬಳವಲ್ಲದೆ ಮನೆಬಾಡಿಗೆಯ ಭತ್ಯ, ಆಹಾರಭತ್ಯಗಳೂ ಉಂಟು. ಇವೆರಡಕ್ಕೂ ಆದಾಯದ ತೆರಿಗೆಯಿಲ್ಲ. ತೆರಿಗೆಯಿಲ್ಲದ ಹಣವು ತೆರಿಗೆಯ ಲೆಕ್ಕದಲ್ಲಿ ಕಾಣುವುದಿಲ್ಲವಾದರೂ ಪೋಷಣೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ಸೇರಿಸಲ್ಪಡುತ್ತದೆ. ನಿದರ್ಶನಕ್ಕಾಗಿ ಒಬ್ಬ ಹವಾಲ್ದಾರನಿಗೆ ಮೂಲಸಂಬಳ 3000 ಡಾಲರು, ಬಾಡಿಗೆಯ ಭತ್ಯ 1500, ಆಹಾರಭತ್ಯ 450 ಎಂದು ಕಲ್ಪಿಸಿದರೆ ಒಟ್ಟು 4950 ಆಗುವುದು. ವಿಸ್ಕಾನ್ಸಿನ್ನಿನ ಸೂತ್ರದಂತೆ ಒಂದು ಮಗುವಿಗೆ 841 ಡಾಲರು 50 ಸೆಂಟು. ಭತ್ಯಗಳನ್ನು ಬಿಟ್ಟು ಮೂಲಸಂಬಳವನ್ನು ಮಾತ್ರ ಹಿಡಿದರೆ 510 ಮಾತ್ರ. ‘ಬಾಡಿಗೆಯ ಹಣವು ನಾನು ಉಣ್ಣುವ ಹಣವಲ್ಲ, ಮನೆಯ ಯಜಮಾನನಿಗೆ ಹೋಗುವುದು’ ಎಂದು ಸೈನಿಕನು ವಾದಿಸಬಹುದು. ಆದರೆ ಸೈನಿಕನಲ್ಲದವನೂ ಬಾಡಿಗೆಯನ್ನು ತನ್ನ ಸಂಬಳದಿಂದಲೇ ಕೊಡುತ್ತಾನೆ, ಅವನಿಗೆ ಅದಕ್ಕಾಗಿ ಬಿಡುಗಡೆಯಿಲ್ಲ. ಮಗುವೂ ಒಂದು ಸೂರಿನ ಕೆಳಗೆ ಮಲಗುತ್ತದೆ, ಅದರ ಬಾಡಿಗೆಯನ್ನು ತಾಯಿಯು ಕೊಡುತ್ತಾಳೆ. ಆದಕಾರಣ ಈ ವಾದವು ನಿಲ್ಲದು.

ಇಬ್ಬರ ಆದಾಯವನ್ನೂ ಕೂಡಿಸುವ ಸೂತ್ರದಲ್ಲಿ ಒಂದು ವಿಚಿತ್ರವಾದ ಆರೋಪವಿದೆ. ವೇದಾಂತದಲ್ಲಿ ಪರಿಚಯವುಳ್ಳವರು ಇದನ್ನು ಕೂಡಲೆ ಗುರುತಿಸುವರು. ತಾಯಿತಂದೆಗಳು ಒಟ್ಟಿಗೆ ಬಾಳಿದ್ದರೆ ಮಗುವಿಗೆ ಏನು ಸಿಗುತ್ತಿದ್ದಿತೋ ಅದು ಸಿಗಬೇಕು ಎಂಬುದು ಅದರ ಬುನಾದಿ. ವಿವಾಹವಾಗಿ ಆಮೇಲೆ ಅಗಲಿದವರ ವಿಷಯದಲ್ಲಿ ಇದು ಸ್ಮೃತಿಯು. ಅಂತಹ ಮನೆಯೊಂದು ಒಮ್ಮೆ ಇದ್ದಿತು. ಆದರೆ ಸೈನ್ಯಶಿಬಿರದ ಹತ್ತಿರದ ಪಟ್ಟಣದಲ್ಲಿ ಮೂರು ತಿಂಗಳ ಪರಿಚಯದಿಂದ ತಾಯಿತಂದೆಗಳಾದವರಿಗೆ ಒಂದು ಮನೆಯೆಂಬುದು ಎಂದೂ ಇರಲಿಲ್ಲ. ಇರದಿದ್ದ ಮನೆಯನ್ನು ಆರೋಪಿಸಿ, ಅದರ ಅಡುಗೆಮನೆಯ ಖರ್ಚನ್ನು ಲೆಕ್ಕಹಾಕಿ, ಅದರಿಂದ ನಿಜವಾದ ಡಾಲರುಗಳನ್ನು ಇಳಿಸುವುದು ಹೇಗೆ? ಇದನ್ನು ಕೇವಲ ಕಲ್ಪನೆಯೆಂದು ತಳ್ಳಿಹಾಕುವವರು ಬದಲಿಗೆ ಏನನ್ನು ಇಡುವರೆಂಬುದನ್ನು ಯೋಚಿಸಬೇಕು. ಬದಲಿಯು ಒಂದೇ: ಮಗುವಿನ ಬರಿಯ ಅವಶ್ಯಕತೆ. ಅವಶ್ಯಕತೆಯೆಂದರೆ ಹಾಲು, ಬಟ್ಟೆ, ಔಷಧ. ಅದರಂತೆ ಸಿಪಾಯಿಯ ಮಗುವಿಗೂ ದಂಡನಾಯಕನ ಮಗುವಿಗೂ ಒಂದೇ ಮೊತ್ತವು ಬರುವುದು. ಹಸಿವಿಗೆ ಪದವಿಯಿಲ್ಲವಷ್ಟೆ, ಆದುದರಿಂದ ಇದು ಸಮವೆಂದು ತೋರೀತು. ಆದರೆ ದಂಡನಾಯಕನಿಗೆ ವಿವಾಹದಿಂದ ಹುಟ್ಟಿದ ಇನ್ನೊಂದು ಮಗುವಿದ್ದು ಅದು ಒಳ್ಳೆಯ ಶಾಲೆಗೆ ಹೋಗುತ್ತಿರಲು, ಇದಕ್ಕೆ ಹಾಲು ಬಟ್ಟೆ ಮಾತ್ರ ಸಾಕೆಂದರೆ, ದಾಸೀಪುತ್ರನಿಗೆ ಜೀವನಮಾತ್ರವೆಂಬ ಹಳೆಯ ನಿರ್ಣಯವು ಹಿಂದಿನ ಬಾಗಿಲಿನಿಂದ ಒಳಗೆ ಬಂದಂತೆಯೇ ಆಯಿತು. ಇರದಿದ್ದ ಮನೆಯ ಆರೋಪವು ತರ್ಕದಲ್ಲಿ ದುರ್ಬಲವಾದರೂ ನ್ಯಾಯದಲ್ಲಿ ಬಲವಾದುದು. ತಾಯಿತಂದೆಗಳು ಕಟ್ಟದೆಹೋದ ಮನೆಯ ಕೊರತೆಯನ್ನು ಅದು ಮಗುವಿನ ಪಾಲಿಗೆ ಹಾಕುವುದಿಲ್ಲ.

ನ್ಯಾಯಸ್ಥಾನದ ಆಜ್ಞೆಯು ಬರುವುದಕ್ಕೆ ತಿಂಗಳುಗಳು ಹಿಡಿಯುತ್ತವೆ. ಈ ನಡುವಣ ಕಾಲಕ್ಕಾಗಿ ಸೈನ್ಯದ ಶಾಖೆಗಳು ತಮ್ಮ ತಮ್ಮ ನಿಯಮಗಳನ್ನು ಮಾಡಿಕೊಂಡಿವೆ. ನೌಕಾದಳದಲ್ಲಿ, ಆಜ್ಞೆಯೂ ಒಪ್ಪಂದವೂ ಇಲ್ಲದಿದ್ದಾಗ, ಒಂದು ಮಗುವಿಗೆ ಸಂಬಳದ ಆರನೆಯ ಒಂದು ಪಾಲು, ಎರಡಕ್ಕೆ ಕಾಲುಪಾಲು, ಮೂರಕ್ಕೆ ಮೂರನೆಯ ಒಂದು ಪಾಲು ಎಂದು ಮಾರ್ಗದರ್ಶನವಿದೆ. ಅದರ ಲೆಕ್ಕಕ್ಕೆ ಮೂಲಸಂಬಳವೂ ಬಾಡಿಗೆಯ ಭತ್ಯವೂ ಸೇರುತ್ತವೆ, ಆಹಾರಭತ್ಯವು ಸೇರುವುದಿಲ್ಲ. ಮೇಲಿನ ಸಂಬಳವೇ ನಾವಿಕನದಾದರೆ 750 ಡಾಲರಾಗುವುದು. ಭೂಸೈನ್ಯವು ಬಾಡಿಗೆಯ ಭತ್ಯದ ಒಂದು ಸಾಮಾನ್ಯ ದರವನ್ನು ಅಳತೆಗೋಲಾಗಿ ಹಿಡಿದು ಆಶ್ರಿತರೊಳಗೆ ತಲೆಯೆಣಿಕೆಯಿಂದ ಹಂಚುತ್ತದೆ. ವಾಯುದಳವು ಮೊತ್ತವನ್ನೇ ಗೊತ್ತುಮಾಡದೆ ತಕ್ಕಷ್ಟು ಪೋಷಿಸಬೇಕೆಂದು ಮಾತ್ರ ಹೇಳುತ್ತದೆ. ತಂದೆಯ ಸಮವಸ್ತ್ರದ ಬಣ್ಣದಿಂದ ಮಗುವಿನ ಊಟದಲ್ಲಿ ಹೆಚ್ಚುಕಡಮೆಯಾಗುವುದಕ್ಕೆ ಯಾವ ಸಮಾಧಾನವೂ ಇಲ್ಲ.

ಇವೆಲ್ಲಕ್ಕಿಂತ ಯೋಚನೆಗೆ ಎಡೆಗೊಡುವ ವಿಷಯವು ದಳಪತಿಯ ಅಧಿಕಾರದ್ದು. ಭೂಸೈನ್ಯದಲ್ಲಿ ಪೋಷಣೆಯ ನಿಯಮವನ್ನು ಮೀರಿದವನು ಸೈನಿಕಶಿಕ್ಷೆಗೆ ಪಾತ್ರನು. ತಾಯಿಯು ಕಾಗದ ಬರೆದರೆ ದಳಪತಿಯು ಸಿಪಾಯಿಯನ್ನು ಕರೆಯಿಸಿ ವಿಚಾರಿಸಬೇಕು, ಕೊಡುವಂತೆ ಆಜ್ಞಾಪಿಸಬಹುದು, ಕೊಡದಿದ್ದರೆ ಶಿಕ್ಷಿಸಬಹುದು. ಆದರೆ ಸಿಪಾಯಿಯ ಸಂಬಳದಿಂದ ಒಂದು ಡಾಲರನ್ನೂ ತಾನಾಗಿ ತೆಗೆದು ಮಗುವಿಗೆ ಕಳುಹಿಸಲಾರನು. ಅದಕ್ಕೆ ನ್ಯಾಯಸ್ಥಾನದ ಅಥವಾ ಶಿಶುಪೋಷಣ ಇಲಾಖೆಯ ಆಜ್ಞೆಯೇ ಬೇಕು. ಆ ಮನುಷ್ಯನನ್ನು ಗುಂಡಿನ ಮಳೆಗೆ ಅಟ್ಟುವ ಅಧಿಕಾರವಿರುವವನಿಗೆ ಅವನ ಸಂಬಳದ ಚೀಟಿಯ ಮೇಲೆ ಈ ಅಧಿಕಾರವಿಲ್ಲ. ಇದು ಹಾಸ್ಯಾಸ್ಪದವೆಂದು ಮೊದಲು ತೋರಬಹುದು. ವಿಚಾರಿಸಿದರೆ ಅಷ್ಟು ಹಾಸ್ಯಾಸ್ಪದವಲ್ಲ. ದೇಹವನ್ನು ಸೈನಿಕನು ಸೇವೆಗೆ ಸೇರುವಾಗಲೇ ಒಪ್ಪಿಸಿರುವನು. ಸಂಬಳವಾದರೋ ಅವನು ಗಳಿಸಿದ ಸ್ವತ್ತು. ಅದನ್ನು ಕಿತ್ತುಕೊಳ್ಳುವ ಮುಂಚೆ ಎರಡು ಪಕ್ಷಗಳನ್ನೂ ಕೇಳಬೇಕೆಂಬುದು ನ್ಯಾಯದ ಮೊದಲ ಪಾಠ. ಪಿತೃತ್ವವನ್ನೇ ಒಪ್ಪದವನ ವಿಷಯದಲ್ಲಿ ದಳಪತಿಯ ಊಹೆಯು ರಕ್ತಪರೀಕ್ಷೆಯ ಸ್ಥಾನವನ್ನು ಪಡೆಯಬಾರದು.

ಆಜ್ಞೆಯು ಬಂದ ಮೇಲೆ ಮಾತ್ರ ಯಂತ್ರವು ಬಲವಾಗಿ ತಿರುಗುತ್ತದೆ. 1975ಕ್ಕೆ ಮೊದಲು ಸರಕಾರದ ಖಜಾನೆಯಿಂದ ಸೈನಿಕನ ಸಂಬಳವನ್ನು ಜಪ್ತಿ ಮಾಡುವುದು ಸಾಧ್ಯವೇ ಇರಲಿಲ್ಲ; ರಾಜ್ಯದ ಮೇಲೆ ರಾಜ್ಯದ ಒಪ್ಪಿಗೆಯಿಲ್ಲದೆ ವ್ಯಾಜ್ಯವಿಲ್ಲವೆಂಬ ಹಳೆಯ ಸೂತ್ರವು ಕೊಡದ ತಂದೆಗೆ ಗುರಾಣಿಯಾಗಿದ್ದಿತು. 1975ರ ಜನವರಿಯಲ್ಲಿ ಅಂಕಿತವಾದ ಕಾಯಿದೆಯಿಂದ ಆ ಗುರಾಣಿಯು ಹೋಯಿತು. ಈಗ ಆಜ್ಞಾಪತ್ರವು ಕ್ಲೀವ್‌ಲೆಂಡ್ ನಗರದಲ್ಲಿರುವ ಸೈನ್ಯದ ಲೆಕ್ಕಪತ್ರದ ಕಚೇರಿಗೆ ಹೋದರೆ, ತಂದೆಯು ಯಾವ ಖಂಡದಲ್ಲಿದ್ದರೂ ಹಣವು ಕಡಿತವಾಗಿ ತಾಯಿಗೆ ಸೇರುತ್ತದೆ. ಅವನಿಗೆ ಬೇರೆ ಹೆಂಡತಿಮಕ್ಕಳಿದ್ದರೆ ಕಡಿತವು ನೂರಕ್ಕೆ 50ನ್ನು ಮೀರದು, ಇಲ್ಲದಿದ್ದರೆ 60; ಹನ್ನೆರಡು ವಾರಕ್ಕೆ ಮೇಲ್ಪಟ್ಟ ಬಾಕಿಯಿದ್ದರೆ ಇನ್ನೂ 5. ಇಲ್ಲಿಯೂ ಒಂದು ವಕ್ರತೆಯು ಉಳಿದಿದೆ: ಮೊತ್ತವನ್ನು ಗೊತ್ತುಮಾಡುವಾಗ ಸೇರಿಸಿದ ಬಾಡಿಗೆಯ ಭತ್ಯ ಆಹಾರಭತ್ಯಗಳನ್ನು ಜಪ್ತಿಯು ಮುಟ್ಟಲಾರದು. ಎರಡು ತಿಂಗಳಿನ ಬಾಕಿಯಾದ ಮೇಲೆ ಬೇರೊಂದು ವಿಧಿಯಿಂದ ಕಡ್ಡಾಯ ಪಾಲನ್ನು ತೆಗೆಯಬಹುದೆಂಬುದರಿಂದ ಈ ಕೊರತೆಯು ಸ್ವಲ್ಪ ಮಟ್ಟಿಗೆ ತುಂಬುತ್ತದೆ.

ಇದುವರೆಗೆ ತಂದೆಯೇ ಸೈನಿಕನೆಂದು ಹೇಳಿದುದಾಯಿತು. ತಾಯಿಯೇ ಸೈನಿಕಳಾದರೆ? ಈ ಪ್ರಕರಣದ ಇತಿಹಾಸದಲ್ಲಿ ಅತಿ ಕಠೋರವಾದ ಪುಟವು ಇಲ್ಲಿದೆ. 1951ರಲ್ಲಿ ಅಧ್ಯಕ್ಷ ಟ್ರೂಮನ್ನನು ಹೊರಡಿಸಿದ ಆಜ್ಞೆಯ ಬಲದಿಂದ, ಗರ್ಭಿಣಿಯಾದವಳನ್ನೂ ಮಗುವಿನ ತಾಯಿಯಾದವಳನ್ನೂ ಸೈನ್ಯದಿಂದ ತೆಗೆದುಹಾಕಬಹುದಾಗಿದ್ದಿತು. ಅದೇ ಮಗುವಿನ ತಂದೆಯು ಅದೇ ಪಾಳೆಯದಲ್ಲಿದ್ದರೂ ಅವನ ಪದವಿಗೆ ಚ್ಯುತಿಯಿಲ್ಲ. ಒಂದೇ ಕಾರ್ಯದಲ್ಲಿ ಇಬ್ಬರು ಭಾಗಿಗಳಾಗಿರಲು ಒಬ್ಬಳ ಜೀವನೋಪಾಯವು ಮಾತ್ರ ಹೋಗುವುದು. ಹಾಗೆ ಹೋದ ಮೇಲೆ ಆ ಮಗುವನ್ನು ಪೋಷಿಸಬೇಕಾದವಳೂ ಅವಳೇ! 1975ರಲ್ಲಿ ರಕ್ಷಣಾ ಇಲಾಖೆಯು ಈ ಕಡ್ಡಾಯ ವಿಸರ್ಜನೆಯನ್ನು ಕೈಬಿಟ್ಟಿತು. 1976ರಲ್ಲಿ ಮೇಲ್ಮನವಿಯ ನ್ಯಾಯಸ್ಥಾನವೊಂದು ನೌಕಾಪದಾತಿದಳದ ಹಳೆಯ ನಿಯಮವನ್ನು ಅಸಿಂಧುವೆಂದು ಸಾರಿತು. ಈಗ ಸೇವೆಯಲ್ಲಿರುವ ಒಂಟಿ ತಾಯಿಯಾಗಲಿ ಒಂಟಿ ತಂದೆಯಾಗಲಿ, ತಾನು ದೂರ ಹೋಗಬೇಕಾದರೆ ಮಗುವನ್ನು ಯಾರು ನೋಡಿಕೊಳ್ಳುವರೆಂದು ಬರಹದಲ್ಲಿ ತೋರಿಸಬೇಕು. ಪೋಷಣೆಯ ಸೂತ್ರಗಳೂ ಸ್ತ್ರೀಪುರುಷಭೇದವಿಲ್ಲದೆ ಅನ್ವಯಿಸುತ್ತವೆ. ಮಗುವು ಅಜ್ಜಿಯ ಹತ್ತಿರ ಬೆಳೆಯುತ್ತಿದ್ದರೆ ತಾಯಿಯ ಸಂಬಳಕ್ಕೂ ತಂದೆಯ ಸಂಬಳಕ್ಕೂ ಕೈಹಾಕಬಹುದು. ಆದರೂ ಕೂಸನ್ನು ತನ್ನ ವಶದಲ್ಲಿಟ್ಟುಕೊಂಡಿರುವ ಒಂಟಿ ಪೋಷಕರನ್ನು ವಿಶೇಷಾನುಮತಿಯಿಲ್ಲದೆ ಹೊಸದಾಗಿ ಸೇರಿಸಿಕೊಳ್ಳುವುದಿಲ್ಲವೆಂಬ ನಿಯಮವು ಸಾಮಾನ್ಯವಾಗಿ ಇದ್ದೇ ಇದೆ. ಮಗುವನ್ನು ಬೇರೆಯವರ ವಶಕ್ಕೆ ಬಿಟ್ಟವರಿಗೆ ಇರುವ ದಾರಿಯು ಮಗುವನ್ನು ಹೊತ್ತವರಿಗೆ ಇಲ್ಲ.

ಸೈನಿಕನ ಪಕ್ಷದಲ್ಲಿಯೂ ಹೇಳತಕ್ಕದ್ದುಂಟು. ಹೇಳದಿದ್ದರೆ ವಿಚಾರವು ಒಕ್ಕಣ್ಣಿನದಾದೀತು. ಯುದ್ಧಭೂಮಿಯಲ್ಲಿರುವವನು ನ್ಯಾಯಸ್ಥಾನದಲ್ಲಿ ಹಾಜರಾಗಲಾರನು. ಅದಕ್ಕಾಗಿ 1940ರ ಕಾಯಿದೆಯನ್ನು 2003ರಲ್ಲಿ ಹೊಸದಾಗಿ ಬರೆದು, ಸೈನಿಕನು ದಳಪತಿಯ ಪತ್ರದೊಡನೆ ಕೇಳಿಕೊಂಡರೆ ವ್ಯಾಜ್ಯವನ್ನು ಕನಿಷ್ಠಪಕ್ಷ 90 ದಿನ ತಡೆಯಬೇಕೆಂದು ವಿಧಿಸಿದ್ದಾರೆ. ತೊಂಬತ್ತು ದಿನ ಹಸುಗೂಸು ತಡೆಯಲಾರದೆಂಬುದು ನಿಜ. ಆದರೆ ಕೇಳದೆಯೇ ಕೊಟ್ಟ ತೀರ್ಪು ನ್ಯಾಯವಲ್ಲವೆಂಬುದೂ ನಿಜವೇ. ಇನ್ನೊಂದು ಕಷ್ಟವು ಇದಕ್ಕಿಂತ ಹಿರಿದು. 1986ರ ಬ್ರಾಡ್ಲಿ ತಿದ್ದುಪಡಿಯ ಮೇರೆಗೆ, ಕೊಡಬೇಕಾದ ಕಂತು ಗಡುವಿಗೆ ಬೀಳದಿದ್ದರೆ ಅದು ತಾನಾಗಿಯೇ ತೀರ್ಪಾದ ಸಾಲವಾಗುತ್ತದೆ. ಹಿಂದಿನ ಬಾಕಿಯನ್ನು ಯಾವ ನ್ಯಾಯಾಧೀಶನೂ ಕಡಮೆಮಾಡಲಾರನು. ಕಡಮೆಯು ಅರ್ಜಿಯ ದಿನದಿಂದ ಮುಂದಕ್ಕೆ ಮಾತ್ರ. ಊರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದ ಮೀಸಲು ಸೈನಿಕನನ್ನು ಒಂದು ದಿನ ಯುದ್ಧಕ್ಕೆ ಕರೆದರೆಂದು ಭಾವಿಸಬೇಕು. ಅವನ ಸಂಬಳವು ಅರ್ಧಕ್ಕೆ ಇಳಿಯಿತು. ಹೊರಡುವ ಗಡಿಬಿಡಿಯಲ್ಲಿ ಅವನು ಅರ್ಜಿ ಹಾಕಲಿಲ್ಲ. ಅವನು ಮರಳುಗಾಡಿನಲ್ಲಿ ಇರುವಷ್ಟು ಕಾಲವೂ ಹಳೆಯ ಮೊತ್ತವೇ ಬೆಳೆಯುತ್ತಿರುತ್ತದೆ, ಮರಳಿ ಬಂದಾಗ ಬಾಕಿದಾರನೆಂಬ ಬಿರುದು ಕಾದಿರುತ್ತದೆ. ನಟನೆ ಮಾಡುವ ತಂದೆಗಳನ್ನು ಹಿಡಿಯುವುದಕ್ಕಾಗಿ ನೆಯ್ದ ಬಲೆಯಲ್ಲಿ ಪ್ರಾಮಾಣಿಕನಾದವನೂ ಸಿಕ್ಕಿಬೀಳುವುದು ಹೀಗೆ. ರಾಜ್ಯವೇ ಅವನನ್ನು ಕರೆದೊಯ್ದಿರುವುದರಿಂದ ಆ ಅರ್ಜಿಯನ್ನು ರಾಜ್ಯವೇ ಅವನ ಪರವಾಗಿ ಹಾಕುವುದು ಯುಕ್ತವಲ್ಲವೆ?

ಅಂಗವಿಕಲನಾಗಿ ಹಿಂದಿರುಗಿದವನ ಸ್ಥಿತಿಯು ಇನ್ನೂ ಸೂಕ್ಷ್ಮವು. 1987ರ ರೋಸ್ ವ್ಯಾಜ್ಯವು ಇದನ್ನು ಕುರಿತದ್ದು. ಅದರಲ್ಲಿ ತಾಯಿತಂದೆಗಳು ವಿಚ್ಛೇದಿತರಾಗಿದ್ದರೂ ತತ್ತ್ವವು ಎಲ್ಲರಿಗೂ ಒಂದೇ. ವಿಯೆಟ್ನಾಮಿನಲ್ಲಿ ಸೇವೆ ಮಾಡಿ ಪೂರ್ಣ ಅಶಕ್ತನಾದವನಿಗೆ ಸರಕಾರವು ಕೊಡುತ್ತಿದ್ದ ಹಣವಲ್ಲದೆ ಬೇರೆ ಗತಿಯಿರಲಿಲ್ಲ. ಈ ಹಣವು ತನ್ನ ದೇಹಕ್ಕಾದ ನಷ್ಟದ ಬೆಲೆ, ಇದನ್ನು ಮಕ್ಕಳಿಗೆಂದು ಮುಟ್ಟಬಾರದು, ಎಂದು ಅವನ ವಾದ. ಸರ್ವೋಚ್ಚ ನ್ಯಾಯಸ್ಥಾನವು ಒಪ್ಪಲಿಲ್ಲ. ಆ ಹಣವು ಅವನಿಗೂ ಅವನನ್ನು ನಂಬಿದವರಿಗೂ ಕೂಡಿ ಕೊಟ್ಟದ್ದೆಂದಿತು. ಮನಸ್ಸಿಗೆ ನೋವನ್ನುಂಟುಮಾಡುವ ತೀರ್ಪಾದರೂ ತಪ್ಪೆಂದು ಹೇಳುವುದು ಕಷ್ಟ. ಆ ದೇಹವು ಸ್ವಸ್ಥವಾಗಿದ್ದಾಗ ಯಾರಿಗಾಗಿ ದುಡಿಯಬೇಕಾಗಿದ್ದಿತೋ ಅವರ ನಷ್ಟವೂ ಆ ನಷ್ಟದೊಳಗೆ ಸೇರಿದೆ.

ಭಾರತದ ಕಾಯಿದೆಯು ಈ ವಿಷಯದಲ್ಲಿ ಮೌನವಾಗಿಲ್ಲ. 1898ರ ದಂಡಪ್ರಕ್ರಿಯಾ ಸಂಹಿತೆಯ 488ನೆಯ ಕಲಮು, ಅದರ ಸ್ಥಾನದಲ್ಲಿ ಬಂದ 1973ರ ಸಂಹಿತೆಯ 125ನೆಯ ಕಲಮು, 2024ರ ಜುಲೈಯಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮು, ಈ ಮೂರೂ ವಿವಾಹಜಾತ ಶಿಶುವಿಗೂ ವಿವಾಹಬಾಹ್ಯ ಶಿಶುವಿಗೂ ಸಮನಾಗಿ ಜೀವನಾಂಶವನ್ನು ಒಪ್ಪುತ್ತವೆ. ತಿಂಗಳಿಗೆ 500 ರೂಪಾಯಿಯನ್ನು ಮೀರಬಾರದೆಂಬ ಮಿತಿಯು 2001ರಲ್ಲಿ ಹೋಯಿತು. 1950ರ ಭೂಸೇನಾ ಕಾಯಿದೆಯ 28ನೆಯ ಕಲಮು ಸೈನಿಕನ ಸಂಬಳವನ್ನು ದಿವಾಣಿ ನ್ಯಾಯಸ್ಥಾನದ ಜಪ್ತಿಯಿಂದ ಕಾಪಾಡುತ್ತದೆ. ಆದರೆ ಅದೇ ಕಾಯಿದೆಯ 90, 91ನೆಯ ಕಲಮುಗಳು, ಹೆಂಡತಿಯ ಪೋಷಣೆಗೂ ವಿವಾಹಜಾತ ಅಥವಾ ವಿವಾಹಬಾಹ್ಯ ಮಗುವಿನ ಪೋಷಣೆಗೂ ಕೇಂದ್ರಸರಕಾರವಾಗಲಿ ಗೊತ್ತಾದ ಸೈನ್ಯಾಧಿಕಾರಿಯಾಗಲಿ ಆಜ್ಞಾಪಿಸಿದ ಮೊತ್ತವನ್ನು ಸಂಬಳದಿಂದ ಕಡಿಯಬಹುದೆನ್ನುತ್ತವೆ. ಅಮೆರಿಕಾದ ಕ್ರಮಕ್ಕೆ ಇದು ತಲೆಕೆಳಗು. ಅಲ್ಲಿ ದಳಪತಿಗೆ ಇಲ್ಲದ ಅಧಿಕಾರವು ಇಲ್ಲಿ ಸೇನೆಯೊಳಗೇ ಇದೆ. ಕೊಡಗಿನ, ಧಾರವಾಡದ, ಬೆಳಗಾವಿಯ ಹಳ್ಳಿಗಳಿಂದ ಸೈನ್ಯಕ್ಕೆ ಹೋಗುವ ಮನೆತನಗಳು ಎಷ್ಟೋ ಇವೆ. ಅಲ್ಲಿ ಈ ಎರಡು ಕಲಮುಗಳ ಹೆಸರನ್ನು ಕೇಳಿದ ಹೆಂಗಸರು ಎಷ್ಟು ಮಂದಿ ಇದ್ದಾರೆ?

ಕಾಯಿದೆಯ ಕೈಗೆ ಸಿಕ್ಕದ ಮಕ್ಕಳೂ ಉಂಟು. ಅಮೆರಿಕಾದ ಸೈನ್ಯವು ವಿಯೆಟ್ನಾಮಿನಿಂದ ಹೊರಟುಹೋದಾಗ ಅಲ್ಲಿಯ ಹೆಂಗಸರಲ್ಲಿ ಸಿಪಾಯಿಗಳಿಗೆ ಹುಟ್ಟಿದ ಮಕ್ಕಳು ಸಾವಿರಗಟ್ಟಳೆ ಉಳಿದರು. ಅವರ ತಾಯಂದಿರಿಗೆ ಯಾವ ಸಂಸ್ಥಾನದ ನ್ಯಾಯಸ್ಥಾನವೂ ಎಟುಕುತ್ತಿರಲಿಲ್ಲ. ಎಷ್ಟೋ ಮಂದಿಗೆ ತಂದೆಯ ಪೂರ್ತಿ ಹೆಸರೂ ತಿಳಿಯದು. ತಿಳಿದಿದ್ದವರೂ ಹೊಸ ಸರಕಾರದ ಭಯದಿಂದ ಕಾಗದಪತ್ರಗಳನ್ನೂ ಭಾವಚಿತ್ರಗಳನ್ನೂ ಸುಟ್ಟುಹಾಕಿದ್ದರು. 1987ರಲ್ಲಿ ಅಮೆರಿಕಾ ದೇಶವು ಒಂದು ಕಾಯಿದೆಯನ್ನು ಮಾಡಿ, 1962ರ ಜನವರಿ 1ಕ್ಕೂ 1976ರ ಜನವರಿ 1ಕ್ಕೂ ನಡುವೆ ಅಲ್ಲಿ ಹುಟ್ಟಿದ ಇಂತಹ ಮಕ್ಕಳು ಬರಬಹುದೆಂದಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಬಂದರು. ಅಷ್ಟರಲ್ಲಿ ಅವರಲ್ಲಿ ಅನೇಕರು ಪ್ರಾಯಕ್ಕೆ ಬಂದಿದ್ದರು, ಪೋಷಣೆಯ ವಯಸ್ಸು ಮೀರಿದ್ದಿತು. ಪತ್ರವಿಲ್ಲದಿದ್ದರೆ ಅಧಿಕಾರಿಗಳು ಅವರ ಮುಖವನ್ನು ನೋಡಿ, ಕಣ್ಣಿನ ಬಣ್ಣ, ಕೂದಲು, ಮೂಗು ಇವುಗಳನ್ನೇ ಪ್ರಮಾಣವೆಂದು ಒಪ್ಪಿದರು. ಆ ದೇಶದೊಳಕ್ಕೆ ಕಾಲಿಡುವುದಕ್ಕೆ ಆ ಮುಖವು ಸಾಕಾಯಿತು. ತಂದೆಯ ಸಂಬಳದಿಂದಲೋ ವಿಶ್ರಾಂತಿವೇತನದಿಂದಲೋ ಒಂದು ತಿಂಗಳ ಅನ್ನವನ್ನು ಕೇಳುವುದಕ್ಕೆ ಅದು ಸಾಲಲಿಲ್ಲ. ತಂದೆಯನ್ನು ಕಂಡವರಾದರೋ ಅವರಲ್ಲಿ ಬಹು ಸ್ವಲ್ಪ ಮಂದಿ.